ಗದ್ದೆಯ ಕಳೆ, ಮುಲುಂಡಿನ ಸಕ್ಕರೆ

ಗಂಡ ಹೆಂಡತಿ ಇಬ್ಬರೇ ಇರುವ, ಆ ಇಬ್ಬರಿಗೂ ಸಕ್ಕರೆ ಕಾಯಿಲೆ ಇರುವ ಮನೆಗೆ ತಿಂಗಳಿಗೆ ಎರಡು ಕಿಲೋ ಸಕ್ಕರೆ ಯಾಕೆ? ಮುಂಬಯಿಯ ಮುಲುಂಡಿನಲ್ಲಿ ನಮ್ಮ ಕಟ್ಟಡದ ಕೆಳಗಿರುವ ಕಿರಾಣಿ ಅಂಗಡಿಯವನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ. "ನಮಗಲ್ಲ ಭಾಯ್, ಹುಲ್ಲಿಗೆ" ಎಂದೆ. ಅವನು ಮತ್ತೆ ಕೇಳಲಿಲ್ಲ. ರಿಟೈರಾದ ಮೇಲೆ ಕೆಲವರಿಗೆ ಹೀಗೆಲ್ಲ ಆಗುತ್ತದೆ ಎಂದುಕೊಂಡಿರಬೇಕು.

ಸಂಗತಿ ಹೀಗಿದೆ. ನಾನು ಉಡುಪಿ ಕಡೆಯ ಒಂದು ಬೈಲಿನವನು. ಎಂ.ಕಾಂ. ಮುಗಿಸಿ 1982ರಲ್ಲಿ ಕಾರ್ಪೊರೇಷನ್ ಬ್ಯಾಂಕು ಸೇರಿದೆ. ಆ ಊರು ಈ ಊರು ಸುತ್ತಿಸಿದ ಬ್ಯಾಂಕು ಕೊನೆಗೆ ಮುಂಬಯಿಯಲ್ಲಿ ತಂದು ನಿಲ್ಲಿಸಿತು. 2018ರಲ್ಲಿ ರಿಟೈರಾದಾಗ ಶಾಖೆಯವರು ಶಾಲು ಹೊದಿಸಿ, ಹಾರ ಹಾಕಿ, ಎರಡಡಿ ಉದ್ದದ ಒಂದು ಗಾಜಿನ ಮೀನಿನ ತೊಟ್ಟಿಯನ್ನೂ ಕೊಟ್ಟರು. "ಸಾರ್, ಇನ್ನು ಆರಾಮಾಗಿ ಮೀನು ನೋಡ್ತಾ ಕೂತ್ಕೊಳ್ಳಿ" ಎಂದು ಹರಸಿದರು. ನನಗೋ ಮೀನಿನ ಮೇಲೆ ಮನಸ್ಸಿರಲಿಲ್ಲ. ಮನಸ್ಸೆಲ್ಲ ಊರಿನ ಗದ್ದೆಯಲ್ಲಿತ್ತು. ರಿಟೈರಾದ ಮೇಲೆ ಊರಿಗೆ ಹೋಗಿ ನೆಲೆಸಬೇಕು ಎನ್ನುವುದು ಹೊರನಾಡಿನ ಪ್ರತಿಯೊಬ್ಬ ಬ್ಯಾಂಕಿನವನೂ ಕಟ್ಟುವ ರಿಕರಿಂಗ್ ಡಿಪಾಸಿಟ್ಟು. ಮೆಚ್ಯೂರಿಟಿಯ ದಿನ ಬಂದಾಗ ಹಣ ತೆಗೆಯುವವರು ಮಾತ್ರ ಕಡಿಮೆ.

ನನ್ನ ಹೆಂಡತಿ ಒಪ್ಪಲಿಲ್ಲ. "ಊರಲ್ಲಿ ಈಗ ಎಂತ ಉಂಟು? ನೇಜಿ ನೆಡಲಿಕ್ಕೆ ಜನ ಸಿಗುವುದಿಲ್ಲ. ಮಗಳು ಇಲ್ಲಿ ಠಾಣೆಯಲ್ಲಿದ್ದಾಳೆ, ಮೊಮ್ಮಗು ಇಲ್ಲಿದೆ. ನೀವು ಬೇಕಾದರೆ ಹೋಗಿ" ಎಂದಳು. ತಮ್ಮನೂ ಬೆಂಗಳೂರು ಬಿಟ್ಟು ಬರುವವನಲ್ಲ. ಎರಡು ವರ್ಷ ಎಳೆದಾಡಿ 2020ರ ಫೆಬ್ರವರಿಯಲ್ಲಿ ಗದ್ದೆಯನ್ನು ನೆರೆಯವರಿಗೇ ಕೊಟ್ಟೆವು. ಅವರು ಅಡಿಕೆ ಹಾಕುವವರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದವನು ಸಂಜೆ ಒಬ್ಬನೇ ಗದ್ದೆಯ ಅಂಚಿಗೆ ಹೋದೆ. ಕೊಯ್ಲು ಮುಗಿದ ಗದ್ದೆ ಒಣಗಿತ್ತು. ತೋಡಿನ ಪಕ್ಕ ತೇವ ಇದ್ದಲ್ಲಿ ಮಾತ್ರ ಗುಂಡು ಗುಂಡು ಎಲೆಯ ಒಂದು ಸಣ್ಣ ಕಳೆ, ಗುಲಾಬಿ ಬಣ್ಣದ ಪುಟ್ಟ ಹೂ ಬಿಟ್ಟು ಹಾಸಿಕೊಂಡಿತ್ತು.

ಆ ಕಳೆಯ ಪರಿಚಯ ನನಗೆ ಚೆನ್ನಾಗಿ ಉಂಟು. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ಮೊದಲು ಅಪ್ಪ ನಮ್ಮನ್ನು ಗದ್ದೆಗಿಳಿಸಿ ಅದನ್ನು ಕೀಳಿಸುತ್ತಿದ್ದರು. ಬೇರು ಸಮೇತ ಬರದಿದ್ದರೆ ಬೈಗುಳ. ಅಂಥದ್ದನ್ನು ಆ ಸಂಜೆ ನಾನೇ ಹುಷಾರಾಗಿ ಒಂದು ಹಿಡಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮತ್ಸ್ಯಗಂಧಾ ರೈಲು ಹತ್ತಿದೆ. ಮೀನಿನ ತೊಟ್ಟಿಗೆ ಹೋಗುವ ಗಿಡಕ್ಕೆ ಮತ್ಸ್ಯಗಂಧಾ! ಹೆಂಡತಿ ಚೀಲ ನೋಡಿ ಏನೂ ಹೇಳಲಿಲ್ಲ. ಗದ್ದೆಯ ವಿಷಯದಲ್ಲಿ ನಾವಿಬ್ಬರೂ ಆಗ ಮಾತು ಬಿಟ್ಟಿದ್ದೆವು.

ತೊಟ್ಟಿಯ ಮರಳಿನಲ್ಲಿ ನೆಟ್ಟೆ. ಎರಡು ವಾರಕ್ಕೆ ಕೆಳಗಿನ ಎಲೆಗಳು ಹಳದಿಯಾಗಿ ಕರಗತೊಡಗಿದವು. ಅಷ್ಟರಲ್ಲಿ ಮಾರ್ಚ್ 25ಕ್ಕೆ ದೇಶವೇ ಬೀಗ ಹಾಕಿ ಕೂತಿತು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ನನಗೆ ಮೀನು ಮಾರಿದ್ದ ಹುಡುಗನಿಗೆ ಫೋನು ಮಾಡಿ ಚಿತ್ರ ಕಳಿಸಿದೆ. ಅವನು ನಕ್ಕ. "ಅಂಕಲ್, ಯೇ ತೋ ರೋಟಾಲಾ ಹೈ! ಇದನ್ನ ನಾವು ಕಟ್ಟಿಗೆ ಅರವತ್ತು ರೂಪಾಯಿಗೆ ಮಾರ್ತೀವಿ" ಎಂದ. ಅಪ್ಪ ಇದ್ದಿದ್ದರೆ ನಮ್ಮ ಗದ್ದೆಯ ಕಳೆಯ ಬೆಲೆ ಕೇಳಿ ಭತ್ತ ಬೆಳೆಯುವುದನ್ನೇ ಬಿಡುತ್ತಿದ್ದರೋ ಏನೋ. "ಪೌಧಾ ಭೂಖಾ ಹೈ ಅಂಕಲ್. ಗಿಡ ಹಸಿದಿದೆ. ಗ್ಯಾಸ್ ಕೊಡಿ" ಎಂದ ಹುಡುಗ.

ಅವನು ಹೇಳಿದ್ದರ ಅರ್ಥ ಇಷ್ಟು. ಗದ್ದೆಯಲ್ಲಿ ಈ ಗಿಡದ ಬುಡ ನೀರಿನಲ್ಲಿರುತ್ತದೆ, ತಲೆ ಗಾಳಿಯಲ್ಲಿರುತ್ತದೆ. ಅದಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಗಾಳಿಯಿಂದಲೇ ಸಿಗುತ್ತದೆ. ತೊಟ್ಟಿಯಲ್ಲಿ ತಲೆಯೂ ಮುಳುಗುತ್ತದೆ. ಆ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಬೆಳಕಿದೆ, ನೀರಿದೆ, ಬೇರಿಗೆ ಗೊಬ್ಬರವೂ ಇದೆ, ಆದರೂ ಉಪವಾಸ. ದೊಡ್ಡ ಹವ್ಯಾಸಿಗಳು ಇದಕ್ಕೆಂದೇ ಸಿಲಿಂಡರು, ರೆಗ್ಯುಲೇಟರು ಇಟ್ಟುಕೊಳ್ಳುತ್ತಾರೆ. ಲಾಕ್‌ಡೌನಿನಲ್ಲಿ ಅಡಿಗೆಯ ಸಿಲಿಂಡರು ಬಂದರೆ ಸಾಕಾಗಿತ್ತು, ಇನ್ನು ಹುಲ್ಲಿಗೆಲ್ಲಿಂದ ತರುವುದು? ಹುಡುಗ ಬಡವರ ದಾರಿಯನ್ನೂ ಹೇಳಿಕೊಟ್ಟ: ಸಕ್ಕರೆ ಮತ್ತು ಯೀಸ್ಟ್.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತೊಳೆದು ಇಟ್ಟುಕೊಂಡೆ. ಅದಕ್ಕೆ ಎರಡು ಕಪ್ಪು ಸಕ್ಕರೆ, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು, ಕಾಲು ಚಮಚ ಯೀಸ್ಟ್, ಚಿಟಿಕೆ ಅಡಿಗೆ ಸೋಡಾ. ಯೀಸ್ಟ್ ಮೇಲಿನ ಮಹಡಿಯ ಪಂಜಾಬಿ ಮನೆಯಾಕೆ ಕೊಟ್ಟ ಸಾಲ. ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ತೂತು. ತೂತು ಕೊಳವೆಗಿಂತ ಒಂದು ಎಳೆ ಸಣ್ಣದಿರಬೇಕು. ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ತೂರಿಸಿ, ಇಕ್ಕಳದಿಂದ ಎಳೆದರೆ ಬಿಗಿಯಾಗಿ ಕೂರುತ್ತದೆ. ಕೊಳವೆಯ ಇನ್ನೊಂದು ತುದಿಗೆ ಏರ್ ಸ್ಟೋನು ಸಿಕ್ಕಿಸಿ ತೊಟ್ಟಿಯೊಳಗೆ ಇಟ್ಟೆ. ಯೀಸ್ಟು ಸಕ್ಕರೆಯನ್ನು ತಿಂದು ಎರಡು ಪಾಲು ಮಾಡುತ್ತದೆ. ಹೆಚ್ಚುಕಡಿಮೆ ಅರ್ಧ ತೂಕ ಇಂಗಾಲದ ಡೈಆಕ್ಸೈಡ್, ಉಳಿದರ್ಧ ಮದ್ಯಸಾರ. ಡೆಬಿಟ್ಟು ಕ್ರೆಡಿಟ್ಟು ಇಷ್ಟು ಚೊಕ್ಕವಾಗಿ ತಾಳೆಯಾಗುವುದನ್ನು ನಾನು ಬ್ಯಾಂಕಿನಲ್ಲೂ ಅಪರೂಪಕ್ಕೆ ಕಂಡಿದ್ದು.

ಮೊದಲ ದಿನ ಒಂದು ಗುಳ್ಳೆಯೂ ಬರಲಿಲ್ಲ. ಮುಚ್ಚಳ ಸೋರುತ್ತಿತ್ತು. ಸೋಪಿನ ನೊರೆ ಹಚ್ಚಿ ಪರೀಕ್ಷಿಸಿ, ಅಂಟು ಹಾಕಿ, ಮತ್ತೆ ಕಾದೆ. ಮರುದಿನ ಬೆಳಿಗ್ಗೆ ಕಲ್ಲಿನಿಂದ ಗುಳ್ಳೆಗಳು ಎದ್ದವು. ಯಾರಾದರೂ ಆ ಹೊತ್ತು ನನ್ನ ಮುಖ ನೋಡಿದ್ದರೆ ಪ್ರಮೋಷನ್ ಸಿಕ್ಕಿದೆ ಎಂದುಕೊಳ್ಳುತ್ತಿದ್ದರು.

ಆದರೆ ಮದ್ಯಸಾರದ ವಾಸನೆಯನ್ನು ಯಾವ ಮುಚ್ಚಳ ತಡೆದೀತು? ಮದ್ಯದಂಗಡಿಗಳೆಲ್ಲ ಮುಚ್ಚಿದ್ದ ಏಪ್ರಿಲ್ ಅದು. ಪಕ್ಕದ ಮನೆಯ ಮರಾಠಿ ಕಾಕಾ ಮುಖಕ್ಕೆ ಮಾಸ್ಕು ಹಾಕಿಕೊಂಡೇ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಸಾಹೇಬ್, ತಯಾರಾಗೋಕೆ ಎಷ್ಟು ದಿನ ಬೇಕು?" ಎಂದು ಕೇಳಿದರು. ಹುಲ್ಲಿಗೆ ಎಂದರೆ ಅವರೂ ನಂಬಲಿಲ್ಲ. ಕರೆದು ತೊಟ್ಟಿ ತೋರಿಸಿದ ಮೇಲೆ ಬಹಳ ನಿರಾಶೆಯಿಂದ ಹೋದರು.

ಅದೇ ಏಪ್ರಿಲ್ 1ಕ್ಕೆ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ನಮ್ಮ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಗದ್ದೆ ಹೋಯಿತು, ಬ್ಯಾಂಕಿನ ಹೆಸರೂ ಹೋಯಿತು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಉಳಿದದ್ದು ಈ ಒಂದು ಹಿಡಿ ಹುಲ್ಲು. ಅದನ್ನಾದರೂ ಉಳಿಸಲೇಬೇಕು ಎಂಬ ಹಟ ನನ್ನನ್ನು ಹಿಡಿಯಿತು. ಒಂದು ಬಾಟಲಿ ಇದ್ದದ್ದು ಎರಡಾಯಿತು. ಬೇಗ ಬೆಳೆಯಲಿ ಎಂದು ಯೀಸ್ಟನ್ನು ಕಾಲು ಚಮಚದಿಂದ ಮುಕ್ಕಾಲಿಗೆ ಏರಿಸಿದೆ.

ಮೇ ತಿಂಗಳ ಸೆಕೆ. ಬಿಸಿ ಹೆಚ್ಚಿದಷ್ಟೂ ಯೀಸ್ಟಿನ ಹುರುಪು ಹೆಚ್ಚು. ಒಂದು ರಾತ್ರಿ ನಾಲ್ಕು ಗಂಟೆಗೆ ನೀರು ಕುಡಿಯಲು ಎದ್ದ ಹೆಂಡತಿ ಕೂಗಿದಳು. ಓಡಿ ಹೋಗಿ ದೀಪ ಹಾಕಿದೆ. ಬಾಟಲಿಯ ನೊರೆ ಉಕ್ಕಿ ಕೊಳವೆಯಲ್ಲಿ ಹರಿದು ತೊಟ್ಟಿಯ ನೀರು ಹಾಲಿನಂತೆ ಆಗಿತ್ತು. ಹನ್ನೆರಡು ಟೆಟ್ರಾ ಮೀನುಗಳೂ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಹಗಲಿನಲ್ಲಿ ಎಲೆಗಳು ಈ ಅನಿಲವನ್ನು ಹೀರಿ ಆಮ್ಲಜನಕ ಕೊಡುತ್ತವೆ. ರಾತ್ರಿ ಬೆಳಕಿಲ್ಲದಾಗ ಎಲೆಗಳೂ ಮೀನಿನ ಹಾಗೆ ಆಮ್ಲಜನಕವನ್ನೇ ಬಳಸುತ್ತವೆ. ಯೀಸ್ಟಿಗೆ ಮಾತ್ರ ಹಗಲೆಂದೂ ಇಲ್ಲ, ರಾತ್ರಿಯೆಂದೂ ಇಲ್ಲ. ಇದೆಲ್ಲ ಗೊತ್ತಿದ್ದೂ ನಾನು ಎರಡು ಬಾಟಲಿಯನ್ನೂ ಬಿಟ್ಟು ಮಲಗಿದ್ದೆ.

ಕೊಳವೆ ಕಿತ್ತೆ. ಅವಳು ಬಕೆಟ್ಟು ತಂದಳು. ಇಬ್ಬರೂ ಮಾತಿಲ್ಲದೆ ಮಗ್ಗಿನಿಂದ ಅರ್ಧ ನೀರು ತೆಗೆದು, ಹಂಡೆಯಲ್ಲಿ ಹಿಂದಿನ ದಿನ ಹಿಡಿದಿಟ್ಟ ನೀರನ್ನು ಸ್ವಲ್ಪಸ್ವಲ್ಪವೇ ಸುರಿದೆವು. ಮೂಲೆ ಸೇರಿದ್ದ ಗಾಳಿಯ ಪಂಪು ಹುಡುಕಿ ಹಾಕಿದೆವು. ಬೆಳಗಾಗುವಾಗ ಐದು ಮೀನು ಸತ್ತಿದ್ದವು, ಏಳು ಉಳಿದವು. ಅವಳು ಸತ್ತವನ್ನು ಕಾಗದದಲ್ಲಿ ಸುತ್ತುತ್ತಾ ಮೆತ್ತಗೆ ಹೇಳಿದಳು: "ಊರಿನ ಹುಲ್ಲು ಉಳಿಸಲಿಕ್ಕೆ ಹೋಗಿ ಇಲ್ಲಿರುವ ಜೀವ ತೆಗೀತೀರಲ್ಲ ಮಾರಾಯ್ರೆ."

ಅವಳು ಮೀನಿನ ವಿಷಯ ಮಾತ್ರ ಹೇಳುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಎರಡು ವರ್ಷ ಊರು ಊರು ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಮಗಳು ಭಾನುವಾರ ಬಂದರೆ ಪೇಪರಿನ ಹಿಂದೆ ಅಡಗುತ್ತಿದ್ದೆ. ಇವಳು ಮೂವತ್ತು ವರ್ಷ ನನ್ನ ವರ್ಗಾವಣೆಗಳ ಹಿಂದೆ ಪಾತ್ರೆ ಕಟ್ಟಿ ಬಿಚ್ಚಿ ಕೊನೆಗೆ ಮುಲುಂಡಿನಲ್ಲಿ ಬೇರು ಬಿಟ್ಟದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. "ತಪ್ಪಾಯ್ತು" ಎಂದೆ. ಯಾವುದಕ್ಕೆ ಎಂದು ಅವಳೂ ಕೇಳಲಿಲ್ಲ.

ಆಮೇಲೆ ಕ್ರಮವಾಗಿ ಮಾಡಿದೆ. ಯೀಸ್ಟು ಮತ್ತೆ ಕಾಲು ಚಮಚಕ್ಕೆ ಇಳಿಯಿತು. ದೊಡ್ಡ ಬಾಟಲಿಗೂ ತೊಟ್ಟಿಗೂ ನಡುವೆ ಅರ್ಧ ನೀರು ತುಂಬಿದ ಸಣ್ಣ ಬಾಟಲಿ ಇಟ್ಟೆ. ನೊರೆ ಬಂದರೆ ಅಲ್ಲೇ ನಿಲ್ಲುತ್ತದೆ, ಗುಳ್ಳೆಗಳನ್ನು ಎಣಿಸಲೂ ಆಗುತ್ತದೆ. ತೊಟ್ಟಿಯ ನೀರು ಹಿಂದಕ್ಕೆ ಬಾರದಂತೆ ಕೊಳವೆಯಲ್ಲಿ ಒಂದು ವಾಲ್ವು. ಬಾಟಲಿ ಒಡೆಯಬಾರದಲ್ಲ, ಅದಕ್ಕೆ ಕೊಳವೆ ಎಲ್ಲೂ ಮಡಚಿಕೊಳ್ಳದಂತೆ ನೋಡಿಕೊಂಡೆ. ದೀಪ ಆರಿಸುವಾಗ ಅನಿಲದ ಕೊಳವೆ ತೊಟ್ಟಿಯಿಂದ ಹೊರಗೆ, ಗಾಳಿಯ ಪಂಪು ಶುರು. ಎರಡು ಬಾಟಲಿಗಳನ್ನು ವಾರ ಬಿಟ್ಟು ವಾರ ಸರದಿಯಲ್ಲಿ ಬದಲಿಸಿದರೆ ಅನಿಲ ಏರುಪೇರಾಗದೆ ಬರುತ್ತದೆ. ಅಂಗಡಿಗಳು ತೆರೆದ ಮೇಲೆ ಒಂದು ಪುಟ್ಟ ಗಾಜಿನ ಬುಡ್ಡಿ ತಂದು ತೊಟ್ಟಿಯೊಳಗೆ ಅಂಟಿಸಿದೆ. ಅದರಲ್ಲಿರುವ ದ್ರಾವಣ ನೀಲಿಯಿದ್ದರೆ ಅನಿಲ ಕಡಿಮೆ, ಹಳದಿಯಾದರೆ ಮೀನಿಗೆ ಅಪಾಯ, ಹಸಿರಿದ್ದರೆ ಇಬ್ಬರಿಗೂ ಕ್ಷೇಮ.

ಹುಲ್ಲು ಬದುಕಿತು. ಆದರೆ ನಾನು ತಂದ ಹುಲ್ಲಾಗಿ ಅಲ್ಲ. ಊರಿನ ಗುಂಡೆಲೆಗಳೆಲ್ಲ ಒಂದೂ ಉಳಿಯದೆ ಕರಗಿದವು. ಕಿತ್ತು ಎಸೆಯೋಣ ಎಂದಾಗ ಅಂಗಡಿಯ ಹುಡುಗ ತಡೆದ: ಗಾಳಿಯಲ್ಲಿ ಬಿಟ್ಟ ಎಲೆ ನೀರಿನಲ್ಲಿ ನಡೆಯುವುದಿಲ್ಲ, ಗಿಡ ಅದನ್ನು ಬಿಟ್ಟು ನೀರಿಗೆ ಬೇಕಾದ ಎಲೆಯನ್ನು ಹೊಸದಾಗಿ ಮಾಡಿಕೊಳ್ಳುತ್ತದೆ, ಬೇರು ಮುಟ್ಟಬೇಡಿ ಎಂದ. ಹಾಗೇ ಆಯಿತು. ತುದಿಯಲ್ಲಿ ಉದ್ದನೆಯ, ತೆಳ್ಳನೆಯ, ತುಸು ಕೆಂಪಗಿನ ಎಲೆಗಳು ಬಂದವು. ಅಪ್ಪ ನೋಡಿದ್ದರೆ ತಮ್ಮ ಗದ್ದೆಯದೆಂದು ಗುರುತಿಸುತ್ತಿರಲಿಲ್ಲ. ಜುಲೈಯ ಒಂದು ಮಧ್ಯಾಹ್ನ ಆ ಎಲೆಗಳ ತುದಿಯಲ್ಲಿ ಸಾಸಿವೆ ಗಾತ್ರದ ಆಮ್ಲಜನಕದ ಗುಳ್ಳೆಗಳು ಮೂಡಿ, ಒಂದೊಂದಾಗಿ ಬಿಡಿಸಿಕೊಂಡು ಮೇಲೇರಿದವು. ಇವಳನ್ನು ಕರೆದೆ. ಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿ, "ಮುತ್ತಿನ ಹಾಗೆ ಉಂಟು" ಎಂದಳು.

2023ರ ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಇಬ್ಬರೂ ಊರಿಗೆ ಹೋಗಿದ್ದೆವು. ಗದ್ದೆಯಿದ್ದಲ್ಲಿ ಆಳೆತ್ತರದ ಅಡಿಕೆ ಸಸಿಗಳು. ಚೆನ್ನಾಗಿಯೇ ಬಂದಿವೆ, ಸುಳ್ಳು ಯಾಕೆ ಹೇಳಲಿ. ತೋಡಿನ ಬದಿಯಲ್ಲಿ ಮಾತ್ರ ಆ ಕಳೆ ಹಿಂದಿನಂತೆಯೇ ಗುಂಡೆಲೆ ಬಿಟ್ಟು ಹಾಸಿಕೊಂಡಿತ್ತು. ಇವಳೇ ಬಗ್ಗಿ ನೋಡಿ, "ಸ್ವಲ್ಪ ತಗೊಳ್ಳುವುದಾ? ಚೀಲ ಉಂಟು" ಎಂದಳು.

"ಬೇಡ, ಮನೆಯಲ್ಲಿ ಉಂಟಲ್ಲ" ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಚೀಲ ಮಡಚಿ ಇಟ್ಟುಕೊಂಡಳು. ಮುಲುಂಡಿಗೆ ಬಂದು ಮುಟ್ಟಿದ್ದು ಭಾನುವಾರ, ಬಾಟಲಿ ಬದಲಿಸುವ ದಿನ. ಡಬ್ಬದಲ್ಲಿ ಸಕ್ಕರೆ ಮುಗಿದಿತ್ತು. ಕೆಳಗಿನ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ಕಂಡದ್ದೇ, ಕೇಳುವ ಮೊದಲೇ ತಕ್ಕಡಿಗೆ ಸಕ್ಕರೆ ಸುರಿದ.