ಮೆಲ್ಬರ್ನಿನಲ್ಲಿ ಕ್ರಿಸ್ಮಸ್ ರಜೆ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಮಗೆ ಕ್ರಿಸ್ಮಸ್ ರಜೆಯೆಂಬುದು ಇರಲಿಲ್ಲ. ಪಾಡ್ಯಕ್ಕೂ ಅಷ್ಟಮಿಗೂ ಅನಧ್ಯಯನ. ಮಿಕ್ಕ ದಿವಸಗಳಲ್ಲಿ ಲೋಕವು ಯಾವ ಹಬ್ಬವನ್ನು ಆಚರಿಸುತ್ತಿದ್ದರೂ ನಮಗೆ ಶಬ್ದರೂಪಗಳೇ ಗತಿ. ಮುಂದೆ ನಾವೇ ಮೇಷ್ಟರಾಗಿ, ಮೂವತ್ತು ಚಿಲ್ಲರೆ ವರ್ಷ ರಾಮಶಬ್ದವನ್ನು ಹೇಳಿಕೊಟ್ಟು, ಅರವತ್ತು ತುಂಬಿ ಮನೆಗೆ ಬಂದೆವು. ಆ ವರ್ಷವೇ, ಎಂದರೆ 2024ರಲ್ಲಿ, ಮೆಲ್ಬರ್ನಿನಲ್ಲಿ ನೆಲೆಸಿರುವ ನಮ್ಮ ಬಾಲ್ಯಮಿತ್ರನು ದೂರವಾಣಿಯಲ್ಲಿ ಕರೆದು, "ಕ್ರಿಸ್ಮಸ್ಸಿಗೆ ಬಾರೋ. ಕ್ರಿಕೆಟ್ಟಿದೆ. ಈ ವರ್ಷ ಬರದಿದ್ದರೆ ಇನ್ನು ನೀನು ಬಂದ ಹಾಗೆಯೇ" ಎಂದನು. ಟಿಕೆಟ್ಟಿನ ಹಣವನ್ನೂ ಅವನೇ ಕೊಟ್ಟನು. ನಮ್ಮ ಮನೆಯವರು ಮಗಳ ಬಾಣಂತನಕ್ಕಾಗಿ ಶಿವಮೊಗ್ಗೆಯಲ್ಲಿ ಇದ್ದುದರಿಂದ ನಾವು ಒಬ್ಬರೇ ಹೊರಟೆವು.

ಈ ಮೆಲ್ಬರ್ನಿಗೂ ನಮಗೂ ಇರುವ ಸಂಬಂಧ ಹಳೆಯದು. 1977ರ ಡಿಸೆಂಬರ್ 30ರಂದು ಅಲ್ಲಿ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ನಮ್ಮ ಮೈಸೂರಿನ ಚಂದ್ರಶೇಖರರು ಮೊದಲನೆಯ ಸರದಿಯಲ್ಲಿ 52 ಓಟಗಳಿಗೆ 6 ವಿಕೆಟ್ಟು, ಎರಡನೆಯ ಸರದಿಯಲ್ಲಿಯೂ ಸರಿಯಾಗಿ 52 ಓಟಗಳಿಗೆ 6 ವಿಕೆಟ್ಟು ತೆಗೆದು, ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊಟ್ಟಮೊದಲನೆಯ ಗೆಲುವನ್ನು ತಂದುಕೊಟ್ಟರು. ಬಾಲ್ಯದಲ್ಲಿ ಪೋಲಿಯೋ ತಗಲಿ ಸೊರಗಿದ ಬಲಗೈ ಅದು; ಆ ಕೈಯಿಂದಲೇ ಚೆಂಡು ಹಾಕುತ್ತಿದ್ದವರು. ಗೆಲುವಿನ ಅಂತರ 222. ಆಗ ನಮಗೆ ಹದಿಮೂರು ವಯಸ್ಸು. ವಠಾರದಲ್ಲಿ ಮಿತ್ರನ ಸೋದರಮಾವನವರ ಮನೆಯಲ್ಲಿ ಒಂದು ರೇಡಿಯೋ ಇತ್ತು. ಬೆಳಗಿನ ಜಾವದ ಚಳಿಯಲ್ಲಿ ನಾವಿಬ್ಬರೂ ಒಂದೇ ಕಂಬಳಿಯನ್ನು ಹೊದೆದು ಅದರ ಮುಂದೆ ಕುಳಿತುಕೊಳ್ಳುತ್ತಿದ್ದೆವು. ಧ್ವನಿಯು ಅಲೆಯಂತೆ ಏಳುತ್ತಿತ್ತು, ಬೀಳುತ್ತಿತ್ತು. ಮಾತೆಲ್ಲ ಇಂಗ್ಲಿಷು, ನಮಗೆ ಒಂದಕ್ಷರವೂ ತಿಳಿಯದು. ಮಿತ್ರನು ಇಂಗ್ಲಿಷ್ ಶಾಲೆಯ ಹುಡುಗ. ಮನೆಯವರು ಎಚ್ಚರಗೊಂಡಾರೆಂದು ನಮ್ಮ ಕಿವಿಯಲ್ಲಿ ಪಿಸುಮಾತಿನಿಂದ, ಚೆಂಡು ಚೆಂಡಿಗೂ ಕನ್ನಡದಲ್ಲಿ ಹೇಳುತ್ತಿದ್ದನು. ಗೂಟಗಳು ಮೂರು ಗಜ ಹಾರಿದುವೆಂದು ಅವನು ವರ್ಣಿಸಿದ ದಾಂಡಿಗನು ಕ್ಯಾಚಿತ್ತು ಹೋದನೆಂಬುದನ್ನು ಮಾರನೆಯ ದಿನ ವಾಚನಾಲಯದ ಪತ್ರಿಕೆಯಲ್ಲಿ ಓದಿದೆವು. ಅರ್ಧಕ್ಕರ್ಧ ಅವನ ಸ್ವಂತ ಕಲ್ಪನೆ. ಆದಾಗ್ಯೂ ಮಾರನೆಯ ಜಾವ ಮತ್ತೆ ಹೋಗಿ ಅದೇ ಕಂಬಳಿಯೊಳಗೆ ಸೇರಿಕೊಂಡೆವು.

ಡಿಸೆಂಬರ್ 20ರಂದು ಮೆಲ್ಬರ್ನಿನಲ್ಲಿ ಇಳಿದೆವು. ವಿಮಾನನಿಲ್ದಾಣದಿಂದ ಕಾರನ್ನು ನಡೆಸಿದವರು ಮಿತ್ರನ ಪತ್ನಿ; ಆತನು ಪಕ್ಕದಲ್ಲಿ ಕೈಕಟ್ಟಿ ಕುಳಿತಿದ್ದನು. "ನೀನು ನಡೆಸುವುದಿಲ್ಲವೇನೋ?" ಎಂದರೆ, "ಊರಿಗೆಲ್ಲ ಟ್ರಾಮಿದೆ, ನನಗೇಕೆ ಆ ತಲೆನೋವು?" ಎಂದುಬಿಟ್ಟನು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪರದೇಶದಲ್ಲಿ ಇದ್ದವನು ಸ್ವಲ್ಪ ಬದಲಾಗಿರುತ್ತಾನೆಂದು ನಾವು ಸಿದ್ಧರಾಗಿಯೇ ಹೋಗಿದ್ದೆವು. ಆದರೆ ಒಂದು ಸಂಗತಿ ನಮ್ಮ ಮನಸ್ಸಿಗೆ ಚುಚ್ಚುತ್ತಿತ್ತು. ಮಾತನಾಡುವಾಗ ಆತನು ನಮ್ಮ ಮುಖವನ್ನು ನೋಡುತ್ತಿರಲಿಲ್ಲ. ನಮ್ಮ ಕಿವಿಯ ಪಕ್ಕದಲ್ಲಿ ಎಲ್ಲಿಯೋ ಗೋಡೆಯನ್ನು ನೋಡುತ್ತ ಉತ್ತರ ಹೇಳುತ್ತಿದ್ದನು. ಸಿರಿವಂತಿಕೆ ಬಂದಮೇಲೆ ಕೆಲವರಿಗೆ ಬರುವ ನೋಟ ಇದು ಎಂದುಕೊಂಡೆವು. ಟಿಕೆಟ್ಟಿಗೆ ಹಣ ತೆಗೆದುಕೊಂಡವನಿಗೆ ಇಂಥ ಸಂಶಯ ಬೇಗ ಬರುತ್ತದೆ.

ಅಲ್ಲಿ ಕ್ರಿಸ್ಮಸ್ಸು ನಡುಬೇಸಗೆಯಲ್ಲಿ ಬರುತ್ತದೆ. ರಾತ್ರಿ ಎಂಟೂವರೆಯವರೆಗೂ ಬೆಳಕು. ಬರ್ಕ್ ರಸ್ತೆಯ ಮೈಯರ್ ಅಂಗಡಿಯವರು 1956ರಿಂದ ವರ್ಷವರ್ಷವೂ ಗಾಜಿನ ಕಿಟಕಿಗಳಲ್ಲಿ ಬೊಂಬೆಗಳ ಕಥೆಯನ್ನು ಜೋಡಿಸುತ್ತಾರೆ. ನಮ್ಮ ಮೈಸೂರಿನ ದಸರಾ ಬೊಂಬೆಗಳಿಗೆ ದೂರದ ಬಂಧುಗಳೆನ್ನಬಹುದು. ಬೆವರು ಒರೆಸಿಕೊಳ್ಳುತ್ತ ಮಕ್ಕಳು ಸಾಲಾಗಿ ನಿಂತು ನೋಡುವುದು ಚೆಂದ. ಇಪ್ಪತ್ತೈದನೆಯ ತಾರೀಖು ಅಂಗಡಿ ಬೀದಿಗಳು ಯುಗಾದಿಯ ಮಧ್ಯಾಹ್ನದ ಹಾಗೆ ನಿಶ್ಶಬ್ದವಾಗಿದ್ದುವು. ಮಿತ್ರನ ಪತ್ನಿ ಹೋಳಿಗೆ ಮಾಡಿದರು.

ಇನ್ನು ಹೊರಗಿನ ಊಟದ ವಿಷಯ. ರಜೆಯಲ್ಲಿ ಹೋಟೆಲಿನ ಊಟ ಅಲ್ಲಿಯ ಪದ್ಧತಿ. ಈರುಳ್ಳಿ ಬೆಳ್ಳುಳ್ಳಿಗಳೊಡನೆ ನಾವು ಎಂದೋ ರಾಜಿಯಾಗಿದ್ದೇವೆ, ಮೊಟ್ಟೆಯೊಡನೆ ಆಗಿಲ್ಲ. ಕಾರ್ಲ್ಟನ್ ಬಡಾವಣೆಯಲ್ಲಿ ಲೈಗನ್ ರಸ್ತೆಯೆಂದು ಇದೆ. ಇಟಲಿಯಿಂದ ಬಂದವರ ಊಟದ ಮನೆಗಳು ಎರಡು ಪಕ್ಕವೂ ಸಾಲುಗಟ್ಟಿವೆ, ಕಾಲುದಾರಿಯ ಮೇಲೆಯೇ ಮೇಜು ಕುರ್ಚಿ. ಅಲ್ಲಿ ಕುಳಿತಕೂಡಲೆ ಮಿತ್ರನು ಭಕ್ಷ್ಯಗಳ ಪಟ್ಟಿಯನ್ನು ನಮ್ಮ ಕಡೆಗೆ ತಳ್ಳಿ, "ಓದು ಮೇಷ್ಟ್ರೇ, ಏನೇನಿದೆ ನೋಡೋಣ" ಎಂದನು. ನಾವು ಓದಿದೆವು. ಆ ಹೆಸರುಗಳು ಇಂಗ್ಲಿಷೂ ಅಲ್ಲ. ಒಂದು ಕಡೆ ಗಕಾರ ನಕಾರಗಳಿಂದ ಮೊದಲಾದ ಪದವನ್ನು, ಬರೆದದ್ದನ್ನು ಬರೆದಂತೆ ಉಚ್ಚರಿಸುವ ನಮ್ಮ ಪದ್ಧತಿಯ ಪ್ರಕಾರ, "ಗ್ನೋಕ್ಕಿ" ಎಂದೆವು. ಬಡಿಸುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅದು "ನ್ಯೋಕಿ"ಯಂತೆ. ಪಾಣಿನಿಯ ಸೂತ್ರಗಳಲ್ಲಿ ಇತ್ ಎನಿಸಿಕೊಂಡ ಅಕ್ಷರಗಳು ಕಾಣಿಸಿಕೊಂಡು ಲೋಪವಾಗುವುದನ್ನು ಬಲ್ಲೆವು, ಆದರೆ ಅಲ್ಲಿ ಲೋಪಕ್ಕೊಂದು ಕಾರಣವಿರುತ್ತದೆ. ಮಿತ್ರನು ಮನಸಾರೆ ನಕ್ಕನು. ನಮಗೆ ನಗು ಬರಲಿಲ್ಲ. ಆ ಆಲೂಗೆಡ್ಡೆಯ ಉಂಡೆಗೆ ಮೊಟ್ಟೆ ಹಾಕುವುದೂ ಉಂಟಂತೆ. ಅವರ ಪಾರ್ಮೆಸಾನ್ ಗಿಣ್ಣಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ಪದಾರ್ಥದಿಂದ ಎಂದು ಮಿತ್ರನ ಪತ್ನಿ ಎಚ್ಚರಿಸಿದರು. ಕೊನೆಗೆ ಗಿಣ್ಣಿಲ್ಲದ, ಟೊಮೇಟೋ ಬೆಳ್ಳುಳ್ಳಿ ಮಾತ್ರ ಸವರಿದ ರೊಟ್ಟಿಯೊಂದನ್ನು ತಿಂದೆವು. ಚೆನ್ನಾಗಿಯೇ ಇತ್ತು.

ಇಪ್ಪತ್ತಾರರಂದು ಪಂದ್ಯ ಆರಂಭವಾಯಿತು. ಮೊದಲ ದಿನವನ್ನು ಮನೆಯಲ್ಲಿಯೇ ಟೆಲಿವಿಷನ್ನಿನಲ್ಲಿ ನೋಡಿದೆವು. ಹತ್ತೊಂಬತ್ತು ವರ್ಷದ ಕಾನ್ಸ್ಟಾಸ್ ಎಂಬ ಹುಡುಗನು ತನ್ನ ಪ್ರಥಮ ಪಂದ್ಯದಲ್ಲಿಯೇ ಬೂಮ್ರಾರಂಥ ಬೌಲರನ ಚೆಂಡನ್ನು ಸೌಟಿನಲ್ಲಿ ಸಾರು ಮೊಗೆದಂತೆ ತಲೆಯ ಹಿಂದಕ್ಕೆ ಎತ್ತಿ ಎತ್ತಿ ಹಾಕಿದನು. ಮೂವತ್ತಾರು ವಯಸ್ಸಿನ ಕೋಹ್ಲಿಯವರು ಆ ಹುಡುಗನಿಗೆ ಭುಜ ತಾಕಿಸಿ, ಪಂದ್ಯದ ಸಂಭಾವನೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ದಂಡ ತೆತ್ತರು. ನಮ್ಮ ತರಗತಿಯಲ್ಲಾಗಿದ್ದರೆ ದೊಡ್ಡವನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಮಿತ್ರನು ಮಾತ್ರ ಆ ದಿನವೆಲ್ಲ ಪರದೆಗೆ ಓರೆಯಾಗಿ ಕುಳಿತು, ಕಿವಿಯೊಂದನ್ನೇ ಆ ಕಡೆ ಕೊಟ್ಟಿದ್ದನು.

ಇಪ್ಪತ್ತೇಳರ ರಾತ್ರಿ, ಹಿಂದೂಸ್ಥಾನದವರ ಅಂಗಡಿಗಳು ಬಹಳವಿರುವ ಡ್ಯಾಂಡೆನಾಂಗಿಗೆ ದೋಸೆ ತಿನ್ನಲು ಹೋದೆವು. ಕುಳಿತೊಡನೆಯೇ ಮತ್ತೆ ಪಟ್ಟಿ ನಮ್ಮ ಮುಂದೆ ಬಂತು: "ಓದು ಮೇಷ್ಟ್ರೇ." ನಮಗೆ ಸಿಟ್ಟು ನೆತ್ತಿಗೇರಿತು. "ದೋಸೆ ಇಡ್ಲಿಗೂ ನನ್ನ ಇಂಗ್ಲಿಷಿನ ಪರೀಕ್ಷೆ ಬೇಕೇನೋ? ಪಾಠಶಾಲೆಯವನನ್ನು ಕರೆಸಿ ಜನರೆದುರು ಓದಿಸಿ ನಗಬೇಕೆಂದೇ ಇಷ್ಟು ಖರ್ಚು ಮಾಡಿದೆಯಾ?" ಎಂದುಬಿಟ್ಟೆವು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಿತ್ರನ ಪತ್ನಿ, "ಮೇಷ್ಟ್ರೇ, ಹಾಗಲ್ಲ" ಎಂದು ಏನೋ ಹೇಳಹೊರಟರು. ಆತನು ಅವರ ಕೈಯನ್ನು ಒತ್ತಿ ತಡೆದನು. ಮೂವರೂ ಮಸಾಲೆದೋಸೆಯನ್ನು ಮಾತಿಲ್ಲದೆ ತಿಂದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಿಂದಿರುಗುವ ಟಿಕೆಟ್ಟಿನ ದಿನಾಂಕವನ್ನು ಎರಡು ಸಲ ತೆಗೆದು ನೋಡಿದೆವು.

ಇಪ್ಪತ್ತೆಂಟು ಶನಿವಾರ. ಆ ದಿನದ ಆಟಕ್ಕೆ ಟಿಕೆಟ್ಟು ಮೊದಲೇ ತೆಗೆದಿದ್ದುದರಿಂದ ಇಬ್ಬರೂ ರೈಲಿನಲ್ಲಿ ರಿಚ್ಮಂಡ್ ನಿಲ್ದಾಣಕ್ಕೆ ಹೋಗಿ, ಜನಪ್ರವಾಹದೊಡನೆ ನಡೆದೆವು. ಜಗತ್ತಿನ ಮೊದಲ ಟೆಸ್ಟ್ ಪಂದ್ಯ 1877ರಲ್ಲಿ ನಡೆದದ್ದು ಈ ಮೈದಾನದಲ್ಲಿಯೇ. ಹುಡುಗನಾಗಿದ್ದಾಗ ಇದನ್ನು ದಸರಾ ವಸ್ತುಪ್ರದರ್ಶನದ ಮೈದಾನದಷ್ಟೆಂದು ಊಹಿಸಿದ್ದೆವು; ಇದು ಲಕ್ಷ ಜನ ಹಿಡಿಸುವ ಕಲ್ಲುಕಣಿವೆಯಂತಿದೆ. ಮಿತ್ರನು ಕುಳಿತೊಡನೆ ಸಣ್ಣ ರೇಡಿಯೋ ಒಂದನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡನು. ನಮ್ಮೊಡನೆ ಮಾತು ತಪ್ಪಿಸಲಿಕ್ಕೆಂದು ತಿಳಿದೆವು.

ಸ್ವಲ್ಪ ಹೊತ್ತಿಗೆ ಪಂತ್ ವಿಚಿತ್ರವಾಗಿ ಹೊಡೆಯಲು ಹೋಗಿ ಔಟಾದನು. ಸುತ್ತಲೂ ಸಿಡಿಲು ಬಡಿದಂತೆ ಕೂಗು. ಅದೇ ಹೊತ್ತಿಗೆ ಮಿತ್ರನ ರೇಡಿಯೋ ನಿಂತುಹೋಗಿತ್ತು. ಆತನು ಅದನ್ನು ಅಲುಗಿಸಿ, ತಟ್ಟಿ, ಕೊನೆಗೆ ನಮ್ಮ ಕಡೆ ತಿರುಗಿ, "ಯಾರೋ? ಯಾರು ಹೋದದ್ದು?" ಎಂದನು. ಎದುರಿಗೇ ಆದದ್ದು. "ನೀನು ನೋಡಲಿಲ್ಲವೇ?" ಎಂದೆವು.

"ಕಾಣೋದಿಲ್ಲ ಕಣೋ" ಎಂದನು. ಎರಡು ವರ್ಷದಿಂದ ಅಕ್ಷಿಪಟಲದ ನಡುಭಾಗ ಸವೆಯುತ್ತಿದೆಯಂತೆ. ಸುತ್ತಲಿನದು ಕಾಣುತ್ತದೆ, ನಡೆದಾಡಬಹುದು. ನೇರವಾಗಿ ನೋಡಿದ್ದು ಮಾತ್ರ ಬೂದುಬಣ್ಣದ ಕಲೆಯಾಗುತ್ತದೆ. ಆದುದರಿಂದಲೇ ಓರೆಯಾಗಿ ನೋಡುವುದು. "ಅಕ್ಷರ ಹೋಯಿತು, ಕಾರು ಹೋಯಿತು. ನೀನು ಬಂದು ಎಂಟು ದಿನವಾಯಿತು, ನಿನ್ನ ಮುಖವನ್ನು ಇನ್ನೂ ಸರಿಯಾಗಿ ನೋಡಿಲ್ಲ. ಪೂರ್ತಿ ಹೋಗುವುದರೊಳಗೆ ಬಾ ಅಂದೆ. ಹೇಳಿಬಿಟ್ಟರೆ ನೀನು ಕ್ರಿಕೆಟ್ಟು ಬೇಡ, ಊಟ ಬೇಡ ಎಂದು ಮನೆಯಲ್ಲಿಯೇ ಮರುಕಪಡುತ್ತ ಕೂಡುತ್ತೀಯೆ ಎಂದು ಹೇಳಲಿಲ್ಲ."

ನಾವು ಏನು ಹೇಳಿದೆವೆಂಬುದು ನೆನಪಿಲ್ಲ. ಕ್ಷಮೆ ಕೇಳಿದೆವೋ ಇಲ್ಲವೋ. ಆತನು ರೇಡಿಯೋವನ್ನು ಜೇಬಿಗೆ ಹಾಕಿ, "ಹೇಳು, ಈಗ ಯಾರು ಬಂದ?" ಎಂದನು.

ಹೇಳತೊಡಗಿದೆವು. ಮೈದಾನದಲ್ಲಿ ಆಟಗಾರರು ನಿಲ್ಲುವ ಜಾಗಗಳ ಹೆಸರು ನಮಗೆ ಬಾರದು. "ಚೆಂಡು ಆಗ್ನೇಯಕ್ಕೆ ಹೋಯಿತು" ಎಂದೆವು. "ಅಗ್ನಿಮೂಲೆ ಹಾಳಾಗಲಿ, ದಾಂಡಿಗನ ಎಡಗಡೆಯೋ ಬಲಗಡೆಯೋ ಹೇಳು" ಎಂದು ಗದರಿದನು. ಕ್ರಮೇಣ ಅಭ್ಯಾಸವಾಯಿತು. ಎಂಟನೆಯವನಾಗಿ ಬಂದ ನಿತೀಶ್ ಕುಮಾರ್ ರೆಡ್ಡಿ, ವಿಶಾಖಪಟ್ಟಣದ ಇಪ್ಪತ್ತೊಂದರ ಹುಡುಗ, ವಾಷಿಂಗ್ಟನ್ ಸುಂದರನೊಡನೆ ನಿಂತು 127 ಓಟ ಕೂಡಿಸಿದನು. ಐವತ್ತಾದಾಗ ದಾಂಡನ್ನು ಗಲ್ಲದ ಕೆಳಗೆ ಎಳೆದುಕೊಂಡನು. ಏಕೆಂದು ಮಿತ್ರನು ಕೇಳಿದರೆ ನಮಗೇನು ಗೊತ್ತು? ಅದು ತೆಲುಗು ಸಿನಿಮಾದ ಭಂಗಿಯೆಂದು ಹಿಂದಿನ ಸಾಲಿನ ಹುಡುಗನು ತಿಳಿಸಿದನು. ನಡುವೆ ಮಳೆ ಬಂತು, ನಿಂತಿತು. ರೆಡ್ಡಿ ಇನ್ನೂ ನೂರು ಮುಟ್ಟದಿರುವಾಗಲೇ ಸುಂದರ ಹೋದನು, ಬೂಮ್ರಾ ಸೊನ್ನೆಗೆ ಹೋದರು. ರೆಡ್ಡಿ 99. ಕೊನೆಯವನಾದ ಸಿರಾಜ್ ಬಂದು ಕಮಿನ್ಸನ ಮೂರು ಚೆಂಡುಗಳನ್ನು ಎದುರಿಸಬೇಕು.

ಅಷ್ಟು ಸಾವಿರ ಜನ ಒಮ್ಮೆಗೇ ಉಸಿರು ಹಿಡಿದರು. ನಮ್ಮ ಧ್ವನಿ ತಾನಾಗಿ ಪಿಸುಮಾತಾಯಿತು. ಮಿತ್ರನು ಕಿವಿಯನ್ನು ನಮ್ಮ ಬಾಯಿಯ ಹತ್ತಿರಕ್ಕೆ ತಂದನು. "ಓಡಿ ಬರುತ್ತಿದ್ದಾನೆ... ಹಾಕಿದ... ಉಳಿದ." ಎರಡನೆಯದು. "ಉಳಿದ." ಮೂರನೆಯದು. "ಉಳಿದ ಕಣೋ." ಕೂಗು ಎದ್ದಿತು, ಒಂದು ಚೆಂಡನ್ನು ತಡೆದದ್ದಕ್ಕೆ ಅಂಥ ಕೂಗನ್ನು ನಾವು ಕೇಳಿಲ್ಲ. ಮುಂದಿನ ಓವರಿನಲ್ಲಿ ರೆಡ್ಡಿ ಬೋಲಂಡನ ಚೆಂಡನ್ನು ಬೌಲರನ ತಲೆಯ ಪಕ್ಕದಿಂದ ಎತ್ತಿ ಹೊಡೆದು ಗಡಿ ದಾಟಿಸಿದನು. ಒಂದು ಮೊಣಕಾಲೂರಿ, ದಾಂಡನ್ನು ನೆಲಕ್ಕೆ ನೆಟ್ಟು, ಅದರ ಹಿಡಿಯ ಮೇಲೆ ಶಿರಸ್ತ್ರಾಣವನ್ನಿಟ್ಟನು. ದೊಡ್ಡ ಪರದೆಯ ಮೇಲೆ ಅವನ ತಂದೆಯನ್ನು ತೋರಿಸಿದರು. ಮಗನ ಆಟಕ್ಕಾಗಿ ಕೆಲಸವನ್ನು ಬಿಟ್ಟವರು, ಕೈಮುಗಿದು ಅಳುತ್ತಿದ್ದರು. ಅದನ್ನೂ ಹೇಳಿದೆವು. "ನಿಜವಾಗಿ ಅಳುತ್ತಿದ್ದಾರೋ, ನೀನು ಸೇರಿಸುತ್ತಿದ್ದೀಯೋ?" ಎಂದನು ಮಿತ್ರ. ಗೂಟ ಹಾರಿಸಿದವನಿಗೆ ಆ ಸಂಶಯ ಸಹಜ.

ಮೂವತ್ತನೆಯ ತಾರೀಖು ನಮ್ಮವರು ಸೋತರು. ಚಹದ ವಿರಾಮದವರೆಗೆ ಪಂದ್ಯ ಸಮನಾಗುವಂತೆ ಇತ್ತು. ಆಮೇಲೆ ಏಳು ವಿಕೆಟ್ಟುಗಳು ಉದುರಿ 155ಕ್ಕೆ ಮುಗಿಯಿತು, ಅಂತರ 184. ಐದು ದಿನಗಳಲ್ಲಿ ಬಂದ ಜನ 3,73,691. ಬ್ರ್ಯಾಡ್ಮನ್ನರ ಕಾಲದ 1937ರ ದಾಖಲೆಯನ್ನು ಮುರಿದ ಸಂಖ್ಯೆ. ಮನೆಯಲ್ಲಿ ಟೆಲಿವಿಷನ್ನಿನ ಧ್ವನಿಯನ್ನು ಆರಿಸಿ, ನಾವೇ ಹೇಳಿದೆವು. ಎಂಟನೆಯ ವಿಕೆಟ್ಟು ಬಿದ್ದಾಗ, ಒಂದೆರಡು ಬೌಂಡರಿಯನ್ನು ಕೈಯಿಂದ ಹಾಕಲೇ ಎಂದು ಕೇಳಿದೆವು. "ಬೇಡಪ್ಪ, ಆದದ್ದು ಹೇಳು" ಎಂದನು.

ವರ್ಷದ ಕೊನೆಯ ರಾತ್ರಿ ಮತ್ತೆ ಲೈಗನ್ ರಸ್ತೆಗೆ ಹೋದೆವು. ಪಟ್ಟಿಯನ್ನು ಈ ಸಲ ನಾವೇ ಕೇಳಿ ತೆಗೆದುಕೊಂಡು, ಮೇಲಿನ ಸಾಲಿನಿಂದ ಹಿಡಿದು, ಬೆಲೆಗಳ ಸಹಿತ, ನಿಧಾನವಾಗಿ ಓದುತ್ತ ಬಂದೆವು. ಆ ಪದ ಬಂದಾಗ ಜಾಗರೂಕತೆಯಿಂದ "ನ್ಯೋಕಿ" ಎಂದೆವು.

"ಅಲ್ಲ ಅಲ್ಲ," ಎಂದನು ಮಿತ್ರ, ನಮ್ಮ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತ, "ಮೊದಲು ಓದಿದ ಹಾಗೆಯೇ ಓದು."