ಬುಧವಾರದ ಒಂದು ಸೇರು

ಹಂಡೆಯೊಲೆಯ ಕೆಂಡಕ್ಕೆ ಹಲಸಿನ ಬೀಜ ಹಾಕಿದ್ದೇನೆ. ಅವು ಸಿಡಿಯುವಷ್ಟರಲ್ಲಿ ಒಂದು ಕಥೆ ಹೇಳಿಬಿಡುತ್ತೇನೆ, ನಾನು ಶಾಲಾ ಸಮಿತಿಯ ಅಧ್ಯಕ್ಷನಾಗಿದ್ದ ಕಾಲದ್ದು.

2020ರ ಮಾರ್ಚಿನಲ್ಲಿ, ಲಾಕ್‌ಡೌನಿಗೆ ನಾಲ್ಕು ದಿನ ಮುಂಚೆ, ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ ತೀರ್ಥಹಳ್ಳಿ ಕಡೆಯ ಈ ಊರಿಗೆ ಬಂದೆ. ಹದಿನೈದು ದಿನಕ್ಕೆಂದು ಬಂದದ್ದು. ಗುಡ್ಡದ ಮೇಲಿನ ಬಂಡೆ ನನ್ನ ಆಫೀಸಾಯಿತು, ಅಲ್ಲಿ ಮಾತ್ರ ಸಿಗ್ನಲ್ಲು. 2021ರ ಅಕ್ಟೋಬರ್ 25ಕ್ಕೆ ಚಿಕ್ಕ ತರಗತಿಗಳ ಬಾಗಿಲು ತೆರೆದಾಗ ಮಗಳನ್ನು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೇ ಸೇರಿಸಿದೆ. ಹಂಚಿನ ಮಾಡು, ಇಬ್ಬರು ಮೇಷ್ಟ್ರು, 41 ಮಕ್ಕಳು. ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಅಧ್ಯಕ್ಷರು ಬೇಕೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಅರ್ಹತೆ ಏನೆಂದರೆ ಲ್ಯಾಪ್‌ಟಾಪ್ ಇತ್ತು.

ಹೆಡ್‌ಮೇಷ್ಟ್ರ ಜೊತೆ ಜಂಟಿ ಖಾತೆಗೆ ಸಹಿ ಹಾಕುವುದು, ಸೋರುವ ಹಂಚು ಬದಲಿಸುವುದು, ಇವೆಲ್ಲ ಸಲೀಸಾಗಿ ನಡೆದವು. ಆದರೆ ಸಾಫ್ಟ್‌ವೇರಿನವನ ಕೈ ಸುಮ್ಮನಿರುತ್ತದೆಯೇ? ಮಾರನೇ ವರ್ಷದ ಮಳೆಗಾಲದಲ್ಲಿ ಹಾಜರಿ ಪುಸ್ತಕ ಮನೆಗೆ ತಂದು ಮೂರು ಸಂಜೆ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಏರಿಸಿದೆ. ಗ್ರಾಫು ಎಳೆದರೆ ವಾರಕ್ಕೊಂದು ಗುಂಡಿ! ಪ್ರತಿ ಬುಧವಾರ ಹತ್ತು ಮಕ್ಕಳು ನಾಪತ್ತೆ. ನನಗಂತೂ ನಿಧಿ ಸಿಕ್ಕಷ್ಟು ಖುಷಿ.

ಸಭೆ ಕರೆದೆ. ಹೊರಗೆ ಧೋ ಎಂದು ಮಳೆ, ಕರೆಂಟಿಲ್ಲ. ಬ್ಯಾಟರಿ ಮುಗಿಯುವ ಮೊದಲು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದೆ. ಕೆಂಪು ಗೆರೆ ಇಳಿಯುವುದು, ಏರುವುದು. ಗಂಡಸರು ತಲೆಯಾಡಿಸಿದರು. ಬಿಸಿಯೂಟದ ಅಡುಗೆಯಕ್ಕ ಚಹಾ ತಂದವಳು ಲೋಟ ಇಡುತ್ತಾ ಬಗ್ಗಿ ಪರದೆ ನೋಡಿದಳು.

“ಇದೇನು ಅಧ್ಯಕ್ಷರೇ?”

“ಬುಧವಾರ ಮಕ್ಕಳು ಕಮ್ಮಿಯಾಗ್ತಿದಾರೆ ಅಂತ ಇದು ತೋರಿಸ್ತದೆ.”

“ಹೌದಲ್ಲ. ಬುಧವಾರ ನಾನು ಒಂದು ಸೇರು ಅಕ್ಕಿ ಕಮ್ಮಿಯೇ ಹಾಕೋದು.”

ಒಂದರಿಂದ ಐದರ ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ. ಹತ್ತು ಮಕ್ಕಳೆಂದರೆ ಹೆಚ್ಚುಕಮ್ಮಿ ಒಂದು ಸೇರೇ. ನನ್ನ ಮೂರು ಸಂಜೆಯ ಕೆಲಸ ಅವಳ ಸೇರಿನೊಳಗೆ ಮೊದಲಿಂದಲೂ ಇತ್ತು.

“ಯಾಕೆ ಬರಲ್ಲ?” ಎಂದೆ.

“ಸಂತೆಯಲ್ಲವಾ ಮಾರಾಯ್ರೇ! ಅವ್ವಂದಿರು ಬಾಳೆಲೆ, ಸೊಪ್ಪು ತಗೊಂಡು ಹೋಗ್ತಾರೆ. ಮನೆಯಲ್ಲಿ ಕೂಸು ನೋಡೋರು ಯಾರು? ದೊಡ್ಡ ಮಗಳು.” ತಟ್ಟೆ ಎತ್ತಿಕೊಂಡವಳು ಹಾಗೇ ನಿಂತಳು. “ನಿಮ್ಮ ಮೀಟಿಂಗೂ ಬುಧವಾರವೇ ಅಲ್ಲವಾ? ಹೆಂಗಸರ ಕುರ್ಚಿ ನೋಡಿ.”

ನೋಡಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಲ್ಲೂ ಇದ್ದರು, ಪುಸ್ತಕದಲ್ಲಿ. ಬುಧವಾರ ನನಗೆ ಆಫೀಸಿನ ಕಾಲ್ ಕಡಿಮೆ ಎಂದು ಆ ದಿನ ಆರಿಸಿದವನು ನಾನೇ. ಸಭೆಯ ಪುಸ್ತಕ ಮಾರನೇ ದಿನ ಮಕ್ಕಳ ಚೀಲದಲ್ಲಿ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ಮಕ್ಕಳ ಹಾಜರಿಗೆ ಗ್ರಾಫು ಎಳೆದವನಿಗೆ ಎದುರಿನ ಖಾಲಿ ಕುರ್ಚಿ ಕಂಡಿರಲಿಲ್ಲ. ಹೆಡ್‌ಮೇಷ್ಟ್ರು ಮೊದಲು ನಕ್ಕರು, ಆಮೇಲೆ ನಾನೂ. ಸರಿಯಾಗಿ ಆಗಲೇ ಬ್ಯಾಟರಿ ಹೋಯಿತು.

ಮುಂದಿನ ಸಭೆ ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ. ಲ್ಯಾಪ್‌ಟಾಪ್ ತರಲಿಲ್ಲ. ಹೆಂಗಸರೆಲ್ಲ ಬಂದರು, ಕೂಸುಗಳೂ ಬಂದವು. ಮೊದಲ ಅರ್ಧ ಗಂಟೆ ಶೌಚಾಲಯದ ನೀರಿನ ಬಗ್ಗೆ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಆಮೇಲೆ ಸಂತೆಯ ಮಾತು. ಹತ್ತು ನಿಮಿಷದಲ್ಲಿ ತೀರ್ಮಾನ: ಪ್ರತಿ ಬುಧವಾರ ಸರದಿ ಮೇಲೆ ಒಬ್ಬಳು ಊರಲ್ಲೇ ಉಳಿಯುವುದು, ಕೂಸುಗಳನ್ನೆಲ್ಲ ಅವಳು ನೋಡಿಕೊಳ್ಳುವುದು, ಅವಳ ಬಾಳೆಲೆಯನ್ನು ಉಳಿದವರು ಮಾರಿಕೊಂಡು ಬರುವುದು. ನಾನು ಬರೆದುಕೊಂಡೆ, ಅಷ್ಟೇ.

ಸಂತೆಯ ದಿನ ದನ ಕಾಯುವ ಹುಡುಗರು ಮಾತ್ರ ಯಾವ ಸರದಿಗೂ ಸಿಗಲಿಲ್ಲ. ತಿಂಗಳ ಮೇಲೆ ಒಂದು ಬುಧವಾರ ಶಾಲೆ ಮುಂದೆ ಹೋಗುತ್ತಿದ್ದೆ. ಅಡುಗೆಮನೆ ಕಿಟಕಿಯಿಂದ ಅಡುಗೆಯಕ್ಕ ಕೂಗಿದಳು:

“ಅರ್ಧ ಸೇರು ಮೇಲೆ ಬಂತು ಅಧ್ಯಕ್ಷರೇ. ನಿಮ್ಮ ಗೆರೆಗೆ ಹೇಳಿ!”