ಮಾವಿನ ಓಟೆ

ಗಾಂಧಿ ಬಜಾರಿನಿಂದ ಬಾದಾಮಿ ಮಾವು ಬಂದಾಗಲೆಲ್ಲ ನಮ್ಮನೇಲಿ ಜಗಳ. ಓಟೆ ಚೀಪಿ ಮುಗಿಸಿದ ಅಜ್ಜಿ, "ಪಾಪ ಕಣೋ, ಮೂಕಪ್ರಾಣಿ, ಅದಕ್ಕೂ ಒಂದು ಹಾಕು" ಅಂತಾರೆ. ಮೂಳೆಯೇ ಕಾಣದ ಮನೆ, ನಾಯಿಗೆ ಓಟೆಯೇ ಮೂಳೆ! ಆದರೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ತನಕ ಹೋಗಬಹುದು. ಹಾಗಂತ ಬಿರಿಯಾನಿ ಮೂಳೆಯೂ ಬೇಡ. ಬೆಂದ ಮೂಳೆ ಚೂಪುಚೂಪಾಗಿ ಸೀಳಿಹೋಗುತ್ತೆ. ನಾಯಿಗೆ ಅಗಿಯೋಕೆ ಅಂತ ಅಂಗಡಿಯಿಂದ ಏನೇ ತಂದರೂ ನಾನು ಮೊದಲು ಉಗುರು ಒತ್ತಿ ನೋಡ್ತೀನಿ. ಗುರುತು ಬೀಳಲಿಲ್ಲವೋ, ಅದು ಹಲ್ಲು ಮುರಿಯುವಷ್ಟು ಗಟ್ಟಿ. ಹಿಮಾಲಯದ ಯಾಕ್ ಹಾಲಿನ ಛುರ್ಪಿ ಚೀಸ್ ಸಸ್ಯಾಹಾರ ಅಂತ ಅಜ್ಜಿಗೆ ಖುಷಿ, ಉಗುರಿಗೆ ಮಾತ್ರ ಅದು ಜಗ್ಗಲೇ ಇಲ್ಲ. ಸದ್ಯಕ್ಕೆ ಕೋಸಂಬರಿಗೆ ತಂದ ಕ್ಯಾರೆಟ್‌ನಲ್ಲಿ ದಪ್ಪದ್ದೊಂದು ನಾಯಿಗೆ. ಅಗಿದು ಮುಗಿಸೋವರೆಗೂ ಪಕ್ಕದಲ್ಲೇ ಕೂತಿರ್ತೀನಿ, ಕೈಯಲ್ಲಿ ನನ್ನ ಪಾಲಿನ ಓಟೆ.